ತಪ್ಪು ಚಾಲಕನದೇ ಇರಬಹುದು, ರಸ್ತೆಯದೇನು?

ಅಪಘಾತವಾದಾಗ ಪೊಲೀಸ್ ಠಾಣೆಯಲ್ಲಿ ದಾಖಲಾಗುವ ಕಾರಣ ಬಹುಪಾಲು ಒಂದೇ: ಅತಿವೇಗ, ಅಜಾಗರೂಕತೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ; ಇವರಲ್ಲಿ ಶೇ 70ಕ್ಕೂ ಹೆಚ್ಚು ಜನರ ಸಾವು ಅತಿವೇಗದ ಖಾತೆಗೇ ಹೋಗಿದೆ. ಅದೇ ಲೆಕ್ಕದಲ್ಲಿ ಇನ್ನೊಂದು ಅಂಕಿಯಿದೆ. ದೇಶದ ಒಟ್ಟು ರಸ್ತೆಯಲ್ಲಿ ಸುಮಾರು ಶೇ 2ರಷ್ಟಿರುವ ರಾಷ್ಟ್ರೀಯ ಹೆದ್ದಾರಿಗಳಲ್ಲೇ ಶೇ 36ರಷ್ಟು ಸಾವುಗಳಾಗಿವೆ. ವಾಹನಗಳ ಓಡಾಟವೂ ಅಲ್ಲೇ ಹೆಚ್ಚಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ದೇಶದ ಸಂಚಾರದ ಸುಮಾರು ಶೇ 40 ಭಾಗವನ್ನು ಹೊರುವುದು ಈ ಹೆದ್ದಾರಿಗಳೇ. ಆದರೆ ಹೋಗುವ, ಬರುವ ವಾಹನಗಳನ್ನು ಬೇರ್ಪಡಿಸಿ, ಅಡ್ಡರಸ್ತೆಗಳನ್ನು ದೂರವಿಟ್ಟು, ಕೋಟಿಗಟ್ಟಲೆ ಸುರಿದು ಕಟ್ಟಿದ ರಸ್ತೆ ಹಳ್ಳಿಯ ರಸ್ತೆಗಿಂತ ಎಷ್ಟೋ ಪಾಲು ಸುರಕ್ಷಿತವಾಗಿರಬೇಕಿತ್ತು. ಯುರೋಪಿನಲ್ಲಿ ಅತ್ಯಂತ ವೇಗದ ರಸ್ತೆಗಳೇ ಅತ್ಯಂತ ಸುರಕ್ಷಿತ ರಸ್ತೆಗಳೂ ಹೌದು. ನಮ್ಮಲ್ಲಿ ಹಾಗಾಗಿಲ್ಲವೆಂದರೆ ಚಾಲಕನನ್ನಷ್ಟೇ ಬೈದು ಪ್ರಯೋಜನವಿಲ್ಲ.

ಬೆಂಗಳೂರು–ಮೈಸೂರು ದಶಪಥವನ್ನೇ ನೋಡಿ. ಸುಮಾರು 118 ಕಿ.ಮೀ. ಉದ್ದದ ಈ ರಸ್ತೆಗೆ ತಗುಲಿದ ವೆಚ್ಚ 8,480 ಕೋಟಿ ರೂಪಾಯಿ. ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು. ನಡುವೆ ವೇಗದ ಆರು ಪಥ, ಎರಡೂ ಬದಿಗೆ ಊರಿನವರ ಓಡಾಟಕ್ಕೆ ಸರ್ವಿಸ್ ರಸ್ತೆ. ನಕ್ಷೆಯ ಮೇಲೆ ಎಲ್ಲವೂ ಚೆನ್ನ. ಆದರೆ ರಾಮನಗರ, ಮಂಡ್ಯ ಜಿಲ್ಲೆಗಳ ಕಬ್ಬು, ಭತ್ತದ ಸೀಮೆಯಲ್ಲಿ ಮನೆ ಒಂದು ಬದಿಗೆ, ಗದ್ದೆ ಇನ್ನೊಂದು ಬದಿಗೆ ಇರುವುದು ಸಾಮಾನ್ಯ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಅಡ್ಡ ಬಂದವರನ್ನು ಕಂಡು ಚಾಲಕ ಬ್ರೇಕಿಗೆ ಕಾಲಿಡುವ ಹೊತ್ತಿಗೇ ಅಷ್ಟು ದೂರ ಮುಗಿದಿರುತ್ತದೆ. ವೇಗ 50ರಿಂದ 100ಕ್ಕೆ ಏರಿದರೆ ಹೊಡೆತದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಸಾವಿನ ಸುದ್ದಿ ಬರತೊಡಗಿದ ಮೇಲೆ ಪೊಲೀಸರು ರಾಡಾರ್ ಗನ್ ಹಿಡಿದು ನಿಂತರು, ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಪಥ ನಿಷಿದ್ಧವಾಯಿತು, ಆಮೇಲೆ ಕ್ಯಾಮೆರಾಗಳು ಬಂದವು. ಮರುವರ್ಷ ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಯಾವ ಕ್ರಮದ ಪಾಲೆಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಆದರೂ, ‘ನಮ್ಮ ಜನಕ್ಕೆ ಶಿಸ್ತಿಲ್ಲ, ಏನು ಮಾಡಿದರೂ ಇಷ್ಟೇ’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಒಂದೇ ವರ್ಷದಲ್ಲಿ ಜನ ಬದಲಾಗಿರಲಿಲ್ಲ, ರಸ್ತೆಯನ್ನು ನಡೆಸುವ ರೀತಿ ಬದಲಾಗಿತ್ತು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲೂ ಹೀಗೇ ಆಯಿತು: 2016ರಿಂದ ಒಂದೊಂದೇ ಅಪಾಯದ ಜಾಗವನ್ನು ಗುರುತಿಸಿ ತಡೆಬೇಲಿ, ಫಲಕ, ಗಸ್ತು, ಆಂಬುಲೆನ್ಸ್ ಸರಿಪಡಿಸುತ್ತ ಹೋದಂತೆ ಸಾವು ಅರ್ಧಕ್ಕೂ ಕಡಿಮೆಯಾಯಿತು.

ಬೈಕ್ ನಿಷೇಧ ಬಡವರ ಮೇಲಿನ ಹೇರಿಕೆ ಎಂಬ ಆಕ್ಷೇಪಕ್ಕೆ ನನ್ನ ಅರ್ಧ ಸಹಮತವಿದೆ. 2022ರಲ್ಲಿ ಸತ್ತವರಲ್ಲಿ ಶೇ 44ರಷ್ಟು ಮಂದಿ ದ್ವಿಚಕ್ರ ವಾಹನದವರು. ಅವರನ್ನು ವೇಗದ ಪಥದಿಂದ ದೂರವಿಡುವುದೇ ಸರಿ. ಆದರೆ ಸರ್ವಿಸ್ ರಸ್ತೆ ಸೇತುವೆಯ ಬಳಿಯೋ ರೈಲು ಹಳಿಯ ಬಳಿಯೋ ತುಂಡಾದರೆ, ಸ್ಕೈವಾಕ್ ಒಂದು ಕಿಲೋಮೀಟರ್ ಆಚೆಗಿದ್ದರೆ, ಹುಲ್ಲಿನ ಹೊರೆ ಹೊತ್ತವರು ಬೇಲಿ ದಾಟುತ್ತಾರೆ. ದಾಟಿದ್ದು ಅವರ ತಪ್ಪೆಂದು ಬರೆದುಕೊಳ್ಳುವುದು ಸುಲಭ. ಬಡ ದೇಶಕ್ಕೆ ಇದೆಲ್ಲ ದುಬಾರಿ ಎನ್ನುವವರು, ಸಾವಿರಾರು ಕೋಟಿಯ ಕಾಮಗಾರಿಯಲ್ಲಿ ಅಂಡರ್‌ಪಾಸು, ತಡೆಬೇಲಿಗಳ ಪಾಲೆಷ್ಟೆಂದು ನೋಡಲಿ. ಟೋಲ್ ವಸೂಲಿ ಶುರುವಾದ ಮೇಲೆ ಅವನ್ನೇ ಕಟ್ಟುವ ಖರ್ಚು ಇನ್ನೂ ಜಾಸ್ತಿ. ಹೊಣೆಗಾರಿಕೆಗೆ ಕಾನೂನಿಲ್ಲ ಎಂದೂ ಅಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಂ ಸೇರಿತು: ಸುರಕ್ಷತಾ ಮಾನದಂಡ ಪಾಲಿಸದ ರಸ್ತೆಯಿಂದ ಸಾವು ಅಥವಾ ಅಂಗವೈಕಲ್ಯವಾದರೆ ಅದರ ವಿನ್ಯಾಸ, ನಿರ್ಮಾಣ, ನಿರ್ವಹಣೆ ಹೊತ್ತವರಿಗೆ ದಂಡ. ದಂಡದ ಗರಿಷ್ಠ ಮೊತ್ತ ಒಂದು ಲಕ್ಷ ರೂಪಾಯಿ.