ಕೂಸಿನ ಗಂಜಿಯೂ ಮೊಳಕೆಯ ಕಾಳೂ

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಹೊಲಗಳಲ್ಲಿ ಜೋಳ, ತೊಗರಿ, ಹೆಸರು, ಉದ್ದು ಬೆಳೆಯುತ್ತವೆ. ಆರು ತಿಂಗಳು ತುಂಬಿದ ಕೂಸಿಗೆ ತಾಯಿಯ ಹಾಲಿನ ಜೊತೆಗೆ ಬೇರೆ ಆಹಾರವನ್ನು ಕೊಡತೊಡಗುವಾಗ ಬೇಕಾಗುವ ಸಾಮಗ್ರಿಯು ಬಹುಮಟ್ಟಿಗೆ ಇವುಗಳಲ್ಲಿಯೇ ಉಂಟು. ಆದರೆ ಗಂಜಿ ಕಾಯಿಸುವಾಗ ಭೌತವಿಜ್ಞಾನದ ತೊಡಕೊಂದು ಎದುರಾಗುತ್ತದೆ.

ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ ಕಾಯಿಸಿರಿ. ಉಷ್ಣತೆಯು ಸುಮಾರು 70 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವ ಹೊತ್ತಿಗೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ, ಒಂದನ್ನೊಂದು ಒತ್ತುತ್ತವೆ. ದ್ರವದ ಸ್ನಿಗ್ಧತೆ ಏರುತ್ತದೆ. 100 ಗ್ರಾಂ ಗಂಜಿಯಲ್ಲಿ 20 ಗ್ರಾಂ ಹಿಟ್ಟಿದ್ದರೆ ಅದು ಮುದ್ದೆಯಂತಾಗಿ ಹಲ್ಲಿಲ್ಲದ ಕೂಸು ನುಂಗಲಾರದು. ಆದುದರಿಂದ ತಾಯಿಯು ಹಿಟ್ಟನ್ನು 5 ಗ್ರಾಮಿಗೆ ಇಳಿಸುತ್ತಾಳೆ. ಗಂಜಿ ಹರಿಯುತ್ತದೆ, ನಿಜ; ಆದರೆ ಒಂದು ಗ್ರಾಂ ಹಿಟ್ಟಿಗೆ ಮೂರೂವರೆ ಕಿಲೋಕ್ಯಾಲೊರಿ ಎಂದು ಹಿಡಿದರೆ, ಆ 100 ಗ್ರಾಂ ಗಂಜಿಯಲ್ಲಿ ಉಳಿದದ್ದು ಹದಿನೇಳೂವರೆ ಮಾತ್ರ. ಅಷ್ಟೇ ತಾಯಿಯ ಹಾಲಿನಲ್ಲಾದರೋ 65ರಿಂದ 70ರವರೆಗೆ ಇರುತ್ತದೆ. ಎಂಟು ಕಿಲೋ ತೂಗುವ ಕೂಸಿನ ಜಠರವು ಒಂದು ಸಲಕ್ಕೆ ಹಿಡಿಯುವುದು ಸುಮಾರು 240 ಮಿಲಿಲೀಟರ್. ಹೊಟ್ಟೆ ತುಂಬಿದರೂ ಕೂಸು ಸೊರಗಬಹುದೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಪರಿಹಾರವಿರುವುದು ಮೊಳಕೆಯಲ್ಲಿ. ಧಾನ್ಯ ಮೊಳೆಯುವಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವವು ಹೆಚ್ಚಿ, ಪಿಷ್ಟದ ನೀಳವಾದ ಅಣುಸರಪಣಿಗಳನ್ನು ತುಂಡರಿಸುತ್ತದೆ. ಸ್ನಿಗ್ಧತೆ ಕುಸಿಯುತ್ತದೆ, ಶಕ್ತಿ ಕುಂದುವುದಿಲ್ಲ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು ಮೊಳೆಸಿದ ರಾಗಿ ಮತ್ತು ಹೆಸರಿನಿಂದ ಇಂಥದೊಂದು ಶಿಶು ಆಹಾರವನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ಮೊಳೆಸಿ, ಒಣಗಿಸಿ, ಬೀಸಿದ ರಾಗಿಹಿಟ್ಟನ್ನು ಒಂದು ಚಮಚದಷ್ಟು ದಪ್ಪ ಗಂಜಿಗೆ ಬೆರೆಸಿದರೆ, ಕೆಲವೇ ನಿಮಿಷಗಳಲ್ಲಿ ಅದು ತೆಳುವಾಗುವುದನ್ನು ಕಣ್ಣಾರೆ ನೋಡಬಹುದು. ಕುದಿಯುವ ಗಂಜಿಗೆ ಹಾಕಿದರೆ ಕಿಣ್ವ ಕೆಡುತ್ತದೆ. 60 ಡಿಗ್ರಿಯಷ್ಟಕ್ಕೆ ಆರಿದ ಮೇಲೆ ಹಾಕಬೇಕು. ತೆಳುವಾದ ಬಳಿಕ ಜೀವಾಣುಗಳು ಸಾಯುವಂತೆ ಮತ್ತೆ ಕುದಿಸಬೇಕು.

ಊರಿನಲ್ಲಿ ಹೇರಳವಾಗಿರುವ ಜೋಳವನ್ನೇ ಮೊಳೆಸಿದರಾಗದೆ? ಆಗದು. ಎಳೆಯ ಜೋಳದ ಪೈರಿಗೆ ದನ ಬಿಡಬಾರದೆಂದು ರೈತರು ಬಲ್ಲರು. ಆ ಹಸಿರಿನಲ್ಲಿ ಧುರ್ರಿನ್ ಎಂಬ ವಸ್ತುವಿದೆ. ಜಗಿದಾಗ ಅದರಿಂದ ಹೈಡ್ರೋಜನ್ ಸಯನೈಡ್ ಎಂಬ ಘೋರ ವಿಷ ಹೊರಡುತ್ತದೆ. ಒಣ ಕಾಳಿನಲ್ಲಿ ಧುರ್ರಿನ್ ತೀರ ಅತ್ಯಲ್ಪ, ಮೊಳಕೆಯಲ್ಲಿ ಬಹಳ. ಬಿಸಿಮಾಡಿದರೆ ವಿಷವಾಯು ಹಾರಿಹೋಗದೆ ಎಂದು ಕೇಳಬಹುದು. ಬಿಡುಗಡೆಯಾದದ್ದು ಹಾರುತ್ತದೆ, ಆದರೆ ಅದನ್ನು ಬಿಡಿಸುವ ಕಿಣ್ವವು ಶಾಖದಿಂದ ಮೊದಲೇ ಕೆಟ್ಟರೆ ಧುರ್ರಿನ್ ಹಾಗೆಯೇ ಉಳಿದೀತು. ಮೊಳಕೆ, ಬೇರುಗಳನ್ನು ಪೂರ್ತಿಯಾಗಿ ಉಜ್ಜಿ ತೆಗೆಯುವ ಕ್ರಮವೂ ಉಂಟಾದರೂ ಕೂಸಿನ ವಿಷಯದಲ್ಲಿ ಆ ಸಾಹಸ ಬೇಡವೆಂಬುದು ನನ್ನ ಮತ. ಜೋಳವನ್ನು ಮೊಳೆಸದೆ ಹುರಿದು ಬೀಸಲಿ, ಸಸಾರಜನಕಕ್ಕಾಗಿ ಹುರಿದ ಹೆಸರುಬೇಳೆ ಸೇರಲಿ. ಮೊಳಕೆಯ ಹಿಟ್ಟಿಗೆ ಅಂಗಡಿಯ ರಾಗಿಯೋ ಗೋದಿಯೋ ಸಾಕು.

ಒಣ ಹಿಟ್ಟಿನ ಶತ್ರು ತೇವ. ಬೇಸಗೆಯಲ್ಲಿ ಬೀದರ ಜಿಲ್ಲೆಯ ಬಿಸಿಲೇ ಒಣಗಿಸಿಕೊಡುತ್ತದೆ (ಅದೊಂದು ಉಪಕಾರ!), ಮಳೆಗಾಲದಲ್ಲಿ ಸ್ವಲ್ಪಸ್ವಲ್ಪವೇ ಬೀಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಒಣ ಚಮಚದಿಂದಲೇ ತೆಗೆಯಬೇಕು.

ಬೇಯಿಸಿದ ಗಂಜಿಯ ಸಂಗತಿ ಬೇರೆ. ಬೆಚ್ಚನೆಯ ಗಂಜಿಯಲ್ಲಿ ಕೆಲವು ಜೀವಾಣುಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಸಬಲ್ಲವು. ಆರು ಗಂಟೆಯಲ್ಲಿ ಹದಿನೆಂಟು ಇಮ್ಮಡಿ. ಒಂದಿದ್ದದ್ದು 2,62,144 ಆಗುತ್ತದೆ. ಮತ್ತೆ ಕುದಿಸಿದರೆ ಜೀವಾಣುಗಳು ಸತ್ತರೂ, ಅವುಗಳಲ್ಲಿ ಕೆಲವು ಬಿಟ್ಟುಹೋದ ವಿಷ ಕುದಿತಕ್ಕೂ ಜಗ್ಗದು. ಬೆಳಗಿನ ಗಂಜಿಯನ್ನು ಸಂಜೆಗೆ ಕಾಯಿಸಿ ಉಣಿಸುವ ವಾಡಿಕೆ ಇದರಿಂದಲೇ ಅಪಾಯಕರ. ಆಳವಾದ ಪಾತ್ರೆಯಲ್ಲಿ ಗಂಜಿ ನಿಧಾನವಾಗಿ ಆರಿ ಅವುಗಳಿಗೆ ಹೆಚ್ಚು ಅವಕಾಶ ಕೊಡುತ್ತದೆ. ಅಗಲವಾದ ತಟ್ಟೆಯಲ್ಲಿ ಬೇಗ ಆರುತ್ತದೆ. ಒಂದು ಊಟಕ್ಕಾಗುವಷ್ಟನ್ನೇ ಕಾಯಿಸಿ, ಎರಡು ಗಂಟೆಯೊಳಗೆ ಉಣಿಸಿ, ಬಟ್ಟಲಲ್ಲಿ ಉಳಿದದ್ದನ್ನು ಚೆಲ್ಲಬೇಕು.