ನಾವು ಕಳಿಸುವ ಹಣ, ಅವರು ಎಳೆದುಕೊಳ್ಳುವ ಹಣ

ಉದ್ಯಮಿಗಳ ಗೋಷ್ಠಿಯ ದಿಕ್ಸೂಚಿ ಭಾಷಣ ಎಂದರೆ ಸಾಮಾನ್ಯವಾಗಿ ದೊಡ್ಡ ಕನಸುಗಳ ಮಾತು. ಈ ಸಲ ನೀವು ಚಾರ್ಟರ್ಡ್ ಅಕೌಂಟೆಂಟ್ ಒಬ್ಬಳನ್ನು ಕರೆದಿದ್ದೀರಿ, ಹಾಗಾಗಿ ಬಿಲ್ಲು ಕಟ್ಟುವ ಮಾತು ಕೇಳಬೇಕಾಗುತ್ತದೆ. ಇಲ್ಲಿ ಅಮೆರಿಕದಲ್ಲಿ ರೆಸ್ಟೋರೆಂಟ್ ಇಟ್ಟವರು, ದಿನಸಿ ಅಂಗಡಿಯವರು, ಮೋಟೆಲ್ ನಡೆಸುವವರು, ಸ್ವಂತ ಕ್ಲಿನಿಕ್ ಇರುವ ವೈದ್ಯರು, ಸಾಫ್ಟ್‌ವೇರ್ ಕನ್ಸಲ್ಟಿಂಗ್ ಮಾಡುವವರು ಎಲ್ಲರೂ ಕುಳಿತಿದ್ದೀರಿ. ನಿಮ್ಮೆಲ್ಲರಿಗೂ ವೆಂಡರ್‌ಗಳಿದ್ದಾರೆ, ಆ ವೆಂಡರ್‌ಗಳೆಲ್ಲ ಈಗ ಒಂದೇ ಮಾತು ಹೇಳುತ್ತಿದ್ದಾರೆ: "ಆಟೋಪೇಗೆ ಸೇರಿಕೊಳ್ಳಿ." ಸೇರಬೇಕೇ ಬೇಡವೇ ಎಂಬುದು ಇವತ್ತಿನ ವಿಷಯ.

ಮೊದಲು ಆಟೋಪೇ ಪರವಾಗಿ. ಈಗಲೂ ಚೆಕ್ ಬರೆದು ಅಂಚೆಗೆ ಹಾಕುವವರು ನಮ್ಮಲ್ಲಿ ಬಹಳ ಮಂದಿ. ಅಂಚೆಯಿಂದ ಚೆಕ್ ಕದ್ದು, ಶಾಯಿ ತೊಳೆದು, ಹೆಸರು ಮತ್ತು ಮೊತ್ತ ಬದಲಿಸಿ ಹಣ ಮಾಡಿಕೊಳ್ಳುವುದು ಎಷ್ಟು ಹೆಚ್ಚಿತೆಂದರೆ, 2023ರ ಫೆಬ್ರವರಿಯಲ್ಲಿ ಇಲ್ಲಿನ ಖಜಾನೆ ಇಲಾಖೆಯ ಫಿನ್‌ಸೆನ್ ವಿಭಾಗ ಇದೊಂದೇ ವಿಷಯಕ್ಕಾಗಿ ಬ್ಯಾಂಕುಗಳಿಗೆ ಎಚ್ಚರಿಕೆ ಹೊರಡಿಸಿತು. ಚೆಕ್ ಸುರಕ್ಷಿತ ಎಂಬ ನಂಬಿಕೆ ಈಗ ಹಳತಾಯಿತು.

ಇನ್ನೊಂದು ಲಾಭ ಇನ್‌ವಾಯ್ಸ್‌ನ ಮೂಲೆಯಲ್ಲೇ ಇರುತ್ತದೆ, ಯಾರೂ ಓದುವುದಿಲ್ಲ. "2/10 ನೆಟ್ 30" ಎಂದಿದ್ದರೆ, ಹತ್ತು ದಿನದೊಳಗೆ ಕೊಟ್ಟರೆ ಶೇಕಡಾ 2 ಕಡಿತ, ಇಲ್ಲದಿದ್ದರೆ ಮೂವತ್ತು ದಿನದಲ್ಲಿ ಪೂರ್ತಿ ಕೊಡಿ ಎಂದರ್ಥ. 10,000 ಡಾಲರ್ ಬಿಲ್ಲಿಗೆ 200 ಡಾಲರ್ ಅಷ್ಟೇ ತಾನೇ ಎನಿಸಬಹುದು. ಆದರೆ ಆ 9,800 ಡಾಲರನ್ನು ಇನ್ನೂ ಇಪ್ಪತ್ತು ದಿನ ಕೈಯಲ್ಲಿ ಇಟ್ಟುಕೊಳ್ಳುವುದಕ್ಕೆ ನೀವು ಕೊಡುತ್ತಿರುವ ಬಡ್ಡಿ ಅದು. ವರ್ಷಕ್ಕೆ ಲೆಕ್ಕ ಹಾಕಿದರೆ ಶೇಕಡಾ 37 ದಾಟುತ್ತದೆ. ಅಷ್ಟು ಬಡ್ಡಿಗೆ ನಮ್ಮಲ್ಲಿ ಯಾರೂ ಸಾಲ ತರುವುದಿಲ್ಲ, ಆದರೆ ಮರೆವಿನಿಂದ ಕಟ್ಟುತ್ತೇವೆ. ದಿನಾಂಕ ನೆನಪಿಟ್ಟುಕೊಂಡು ತಾನಾಗಿ ಹೋಗುವ ಪಾವತಿ ಇಲ್ಲಿ ನಿಜಕ್ಕೂ ದುಡ್ಡು ಉಳಿಸುತ್ತದೆ.

ಹಾಗಾದರೆ ತೊಂದರೆ ಎಲ್ಲಿ? "ಆಟೋಪೇ" ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ವ್ಯವಹಾರಗಳಿವೆ. ಒಂದರಲ್ಲಿ ನಿಮ್ಮ ಬ್ಯಾಂಕಿಗೆ ನೀವು ಹೇಳುತ್ತೀರಿ: ಇಂಥ ದಿನ, ಇಂಥವರಿಗೆ, ಇಷ್ಟು ಹಣ ಕಳಿಸು. ಇನ್ನೊಂದರಲ್ಲಿ ನಿಮ್ಮ ಖಾತೆಯ ನಂಬರನ್ನು ವೆಂಡರ್ ಕೈಗೆ ಕೊಟ್ಟು, ಬೇಕಾದಾಗ ನೀವೇ ತೆಗೆದುಕೊಳ್ಳಿ ಎನ್ನುತ್ತೀರಿ. ಎರಡೂ ಎಸಿಎಚ್ ಜಾಲದ ಮೇಲೆಯೇ ಓಡುತ್ತವೆ. ಮೊದಲನೆಯದು ಎಸಿಎಚ್ ಕ್ರೆಡಿಟ್, ಎರಡನೆಯದು ಎಸಿಎಚ್ ಡೆಬಿಟ್. ಸ್ಟೇಟ್‌ಮೆಂಟಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ವೆಂಡರ್ ನಿಮ್ಮ ಮುಂದೆ ಇಡುವ ಫಾರ್ಮು ಸಾಮಾನ್ಯವಾಗಿ ಎರಡನೆಯದು.

ಮನೆಯ ಕರೆಂಟ್ ಬಿಲ್ಲು, ಫೋನ್ ಬಿಲ್ಲಿಗೆ ಹೀಗೆ ಎಳೆದುಕೊಳ್ಳಲು ಬಿಟ್ಟು ನಮಗೆಲ್ಲ ಅಭ್ಯಾಸವಾಗಿದೆ. ಅಲ್ಲಿ ತಪ್ಪಾದರೆ ಕಾನೂನು ನಮ್ಮ ಬೆನ್ನಿಗಿದೆ. 1978ರ ಎಲೆಕ್ಟ್ರಾನಿಕ್ ಫಂಡ್ ಟ್ರಾನ್ಸ್‌ಫರ್ ಕಾಯ್ದೆ ಮತ್ತು ಅದರಡಿಯ "ರೆಗ್ಯುಲೇಶನ್ ಇ" ಪ್ರಕಾರ, ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ಹೇಳಿದರೆ ಬ್ಯಾಂಕು ವಿಚಾರಣೆ ಮಾಡಲೇಬೇಕು. ಆದರೆ ಈ ಕಾಯ್ದೆ ಸ್ವಂತದ, ಸಂಸಾರದ ಬಳಕೆಗೆ ತೆರೆದ ಖಾತೆಗೆ ಮಾತ್ರ. ನಿಮ್ಮ ಎಲ್‌ಎಲ್‌ಸಿ ಹೆಸರಿನ ಖಾತೆ ಇದರೊಳಗೆ ಬರುವುದಿಲ್ಲ.

ವ್ಯಾಪಾರದ ಖಾತೆಯಿಂದ ಒಪ್ಪಿಗೆ ಇಲ್ಲದೆ ಹಣ ಹೋದರೆ, ಎಸಿಎಚ್ ನಿಯಮಗಳನ್ನು ನಡೆಸುವ ನಾಚಾ ಸಂಸ್ಥೆಯ ಪ್ರಕಾರ ನಿಮ್ಮ ಬ್ಯಾಂಕು ಅದನ್ನು ಎರಡನೇ ಬ್ಯಾಂಕ್ ದಿನ ಬಾಗಿಲು ತೆರೆಯುವುದರೊಳಗೆ ಹಿಂತಿರುಗಿಸಬೇಕು. ಗುರುವಾರ ಹಣ ಹೋಯಿತು ಎಂದುಕೊಳ್ಳಿ. ಸೋಮವಾರ ಬೆಳಿಗ್ಗೆಗೆ ಅದು ಆಚೆ ಬ್ಯಾಂಕಿಗೆ ಮುಟ್ಟಿರಬೇಕು. ಅಂದರೆ ನೀವು ಶುಕ್ರವಾರವೇ, ನಿಮ್ಮ ಬ್ಯಾಂಕಿನ ಗಡುವಿನ ಒಳಗೆ ಹೇಳಿರಬೇಕು. ರೆಸ್ಟೋರೆಂಟಿನವರಿಗೆ ಶುಕ್ರವಾರ ಎಂಥ ದಿನ ಎಂದು ನಾನು ಹೇಳಬೇಕಾಗಿಲ್ಲ. ಆ ಗಡುವು ದಾಟಿದರೆ ಆಚೆ ಬ್ಯಾಂಕು ಒಪ್ಪಿದರೆ ಉಂಟು, ಇಲ್ಲದಿದ್ದರೆ ವೆಂಡರ್ ಜೊತೆ ನೀವೇ ಗುದ್ದಾಡಬೇಕು. ಅರವತ್ತು ದಿನ ಎಲ್ಲಿ, ಒಂದು ದಿನ ಎಲ್ಲಿ!

ಇದು ಒಪ್ಪಿಗೆಯೇ ಇಲ್ಲದ ಡೆಬಿಟ್‌ನ ಮಾತಾಯಿತು. ನಾನು ಹೆಚ್ಚು ನೋಡುವುದು ಒಪ್ಪಿಗೆ ಕೊಟ್ಟೇ ಕಳೆದುಕೊಳ್ಳುವುದನ್ನು. ನನ್ನ ಕಕ್ಷಿದಾರರೊಬ್ಬರದು ಸಣ್ಣ ರೆಸ್ಟೋರೆಂಟ್. ಟೇಬಲ್ ಬಟ್ಟೆ, ಏಪ್ರನ್, ನೆಲಹಾಸು ಒಗೆದು ಕೊಡುವ ಕಂಪನಿಗೆ ವಾರಕ್ಕೆ 84 ಡಾಲರ್ ಎಂದು ಒಪ್ಪಂದ, ಆಟೋಪೇ. ಕೆಲವು ತಿಂಗಳಲ್ಲಿ ಬಿಲ್ಲಿಗೆ "ಪರಿಸರ ಶುಲ್ಕ" ಸೇರಿತು, ಆಮೇಲೆ "ಇಂಧನ ಶುಲ್ಕ", ಆಮೇಲೆ ಹರಿದ ಬಟ್ಟೆಗೆ ಎಂದು ಪ್ರತಿ ವಾರ ಒಂದಿಷ್ಟು. ವರ್ಷದ ಕೊನೆಗೆ ನಾನು ಲೆಕ್ಕ ಮುಗಿಸಲು ಕೂತಾಗ ವಾರದ ಬಿಲ್ಲು 131 ಆಗಿತ್ತು. ಮಾಲೀಕರು ಇನ್‌ವಾಯ್ಸ್ ನೋಡಿರಲೇ ಇಲ್ಲ. "ಮೇಡಂ, ಅದು ಆಟೋಪೇ ಅಲ್ವಾ?" ಎಂದರು. ಅವರು ಸಹಿ ಮಾಡಿದ ಕಾಗದ ತೆಗೆದು ನೋಡಿದರೆ, "ಬಾಕಿ ಇರುವ ಮೊತ್ತ ಎಷ್ಟಿದ್ದರೂ" ತೆಗೆದುಕೊಳ್ಳಬಹುದು ಎಂದಿತ್ತು. ಇಂಥದ್ದನ್ನು ಬ್ಯಾಂಕಿನಲ್ಲಿ ಅನಧಿಕೃತ ಎಂದು ಹೇಳುವುದು ಹೇಗೆ? ತಿಂಗಳುಗಟ್ಟಲೆ ಪತ್ರ ಬರೆದ ಮೇಲೆ ಒಂದು ಭಾಗ ಮಾತ್ರ ವಾಪಸ್ ಬಂತು.

ಊರಿನ ವ್ಯವಸ್ಥೆಗೆ ಒಗ್ಗಿದವರಿಗೆ ಇದು ವಿಚಿತ್ರ ಎನಿಸಬಹುದು. ಭಾರತದಲ್ಲಿ ಕಾರ್ಡಿನ ಮೇಲಿನ ಆಟೋ ಡೆಬಿಟ್‌ಗೆ ರಿಸರ್ವ್ ಬ್ಯಾಂಕಿನ ನಿಯಮದಂತೆ 24 ಗಂಟೆ ಮೊದಲೇ ಸಂದೇಶ ಬರಬೇಕು, ಬೇಡವೆಂದರೆ ನಿಲ್ಲಿಸಬಹುದು. ಇಲ್ಲಿ ವ್ಯಾಪಾರದ ಖಾತೆಗೆ ಅಂಥ ಮುನ್ಸೂಚನೆಯನ್ನು ಯಾರೂ ಕೊಡಬೇಕೆಂದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಸರಳ: ಮೊತ್ತ ಬದಲಾಗುವ ಯಾವ ಬಿಲ್ಲಿಗೂ ವೆಂಡರ್ ಎಳೆದುಕೊಳ್ಳುವ ಆಟೋಪೇ ಬೇಡ. ಮಳಿಗೆ ಬಾಡಿಗೆ, ವಿಮೆಯ ಕಂತು, ಸಾಲದ ಕಂತು, ಇವುಗಳಿಗೆ ಇರಲಿ. ಮೊತ್ತ ಗೊತ್ತು, ತಪ್ಪಿದರೆ ದಂಡ ದೊಡ್ಡದು. ತರಕಾರಿ, ಅಕ್ಕಿ, ಪ್ಯಾಕಿಂಗ್ ಸಾಮಾನು, ಲಾಂಡ್ರಿ, ರಿಪೇರಿ ಇವುಗಳಿಗೆ ನಿಮ್ಮ ಕಡೆಯಿಂದಲೇ ಹಣ ಹೋಗಲಿ. ಬ್ಯಾಂಕಿನ ಬಿಲ್ ಪೇ ಅಥವಾ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ದಿನಾಂಕ ಹಾಕಿಟ್ಟರೆ ಅದೂ ತಾನಾಗಿಯೇ ಹೋಗುತ್ತದೆ. ವ್ಯತ್ಯಾಸ ಇಷ್ಟೇ, ಹೋಗುವ ಮೊದಲು ಯಾರಾದರೂ ಆರ್ಡರ್ ಏನಿತ್ತು, ಮಾಲು ಎಷ್ಟು ಬಂತು, ಇನ್‌ವಾಯ್ಸ್ ಏನು ಹೇಳುತ್ತದೆ ಎಂದು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ ಒಪ್ಪಿಗೆ ಒತ್ತಬೇಕು. ವಾರಕ್ಕೆ ಅರ್ಧ ಗಂಟೆಯ ಕೆಲಸ. ಕ್ರೆಡಿಟ್ ಕಾರ್ಡಿನಲ್ಲಿ ತಕರಾರು ಎತ್ತುವುದು ಸುಲಭ, ನಿಜ, ಆದರೆ ಅನೇಕ ವೆಂಡರ್‌ಗಳು ಶೇಕಡಾ 3ರಷ್ಟು ಮೇಲೆ ಹಾಕುತ್ತಾರೆ.

ಎಳೆದುಕೊಳ್ಳುವವರು ಕೆಲವರು ಇದ್ದೇ ಇರುತ್ತಾರೆ. ಅವರಿಗೆಂದು ಬೇರೆ ಖಾತೆ ತೆರೆದು, ಆ ತಿಂಗಳಿಗೆ ಬೇಕಾದಷ್ಟು ಹಣ ಮಾತ್ರ ಅದರಲ್ಲಿಡಿ. ಮುಖ್ಯ ಖಾತೆಗೆ ಬ್ಯಾಂಕಿನಲ್ಲಿ "ಎಸಿಎಚ್ ಡೆಬಿಟ್ ಬ್ಲಾಕ್" ಅಥವಾ "ಫಿಲ್ಟರ್" ಕೇಳಿ. ಬ್ಲಾಕ್ ಎಂದರೆ ಯಾರೂ ಎಳೆಯುವಂತಿಲ್ಲ, ಫಿಲ್ಟರ್ ಎಂದರೆ ನೀವು ಪಟ್ಟಿ ಕೊಟ್ಟವರು ಮಾತ್ರ. ಇಲ್ಲೊಂದು ಎಚ್ಚರ: ನೀವು ಇಎಫ್‌ಟಿಪಿಎಸ್ ಮೂಲಕ ಕಟ್ಟುವ ಫೆಡರಲ್ ತೆರಿಗೆಯೂ ಹಾದಿಯಲ್ಲಿ ಎಸಿಎಚ್ ಡೆಬಿಟ್ಟೇ. ಸಂಬಳದ ಕಂಪನಿಯೂ ಹಾಗೇ ಎಳೆದುಕೊಳ್ಳುತ್ತದೆ. ಅವರ ಕಂಪನಿ ಐಡಿಗಳನ್ನು ಪಟ್ಟಿಗೆ ಸೇರಿಸದೆ ಬಾಗಿಲು ಹಾಕಿದರೆ ತೆರಿಗೆ ವಾಪಸ್ ಬಂದು ದಂಡ ಬೀಳುತ್ತದೆ.

ನಾವೇ ಕಳಿಸುವ ದಾರಿಯಲ್ಲೂ ಕಳ್ಳರಿದ್ದಾರೆ. ವೆಂಡರ್ ಹೆಸರಿನಲ್ಲಿ ಇಮೇಲ್ ಬರುತ್ತದೆ: "ನಮ್ಮ ಬ್ಯಾಂಕ್ ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಕಳಿಸಿ." ಇಮೇಲ್ ಮೂಲಕ ವ್ಯವಹಾರಗಳನ್ನು ವಂಚಿಸುವ ಈ ಬಗೆಯಲ್ಲಿ 2023ರಲ್ಲಿ ಎಫ್‌ಬಿಐಗೆ ವರದಿಯಾದ ನಷ್ಟ 290 ಕೋಟಿ ಡಾಲರ್ ದಾಟಿತ್ತು. ಎಸಿಎಚ್‌ನಲ್ಲಿ ಹಣ ಖಾತೆ ನಂಬರಿನ ಮೇಲೆ ಹೋಗುತ್ತದೆ. ನೀವು ಬರೆದ ಹೆಸರೂ ಆ ನಂಬರೂ ಒಬ್ಬರದೇ ಎಂದು ಆಚೆ ಬ್ಯಾಂಕು ನೋಡಲೇಬೇಕೆಂದಿಲ್ಲ. ಹಾಗಾಗಿ ಖಾತೆ ಬದಲಿಸುವ ಮುನ್ನ ಫೋನ್ ಮಾಡಿ, ಅದೂ ಆ ಇಮೇಲಿನಲ್ಲಿರುವ ನಂಬರಿಗಲ್ಲ, ನಿಮ್ಮ ಹಳೆಯ ಇನ್‌ವಾಯ್ಸಿನಲ್ಲಿರುವ ನಂಬರಿಗೆ.

ಪಾವತಿ ಹಾಕುವವರು ಒಬ್ಬರು, ಬಿಡುಗಡೆ ಮಾಡುವವರು ಇನ್ನೊಬ್ಬರು ಇರಲಿ ಎಂದರೆ ನಮ್ಮವರು ನಗುತ್ತಾರೆ: "ಅಂಗಡಿಯಲ್ಲಿ ಇರೋದೇ ನಾನು, ನಮ್ಮ ಮನೆಯವರು." ಸರಿ, ಇಬ್ಬರಿದ್ದೀರಲ್ಲ, ಸಾಕು. ಆದರೆ ಇಬ್ಬರಿಗೂ ಬೇರೆ ಲಾಗಿನ್ ಇರಲಿ. ಒಂದೇ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕ್ಯಾಶ್ ಕೌಂಟರಿಗೆ ಅಂಟಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕೊನೆಯದಾಗಿ, ಸ್ವತಂತ್ರವಾಗಿ ಕೆಲಸ ಮಾಡುವ ಪ್ಲಂಬರ್, ಡಿಸೈನರ್ ಮುಂತಾದವರನ್ನು ಪಾವತಿ ಪಟ್ಟಿಗೆ ಸೇರಿಸುವ ದಿನವೇ ಡಬ್ಲ್ಯೂ-9 ಫಾರ್ಮ್ ತೆಗೆದುಕೊಳ್ಳಿ. ಕಾರ್ಡಿನಲ್ಲಿ ಕೊಟ್ಟದ್ದನ್ನು ಕಾರ್ಡ್ ಕಂಪನಿಯವರು ವರದಿ ಮಾಡುತ್ತಾರೆ, ಬ್ಯಾಂಕಿನಿಂದ ಕಳಿಸಿದ್ದಕ್ಕೆ 1099-ಎನ್‌ಇಸಿ ಕೊಡುವುದು ನಿಮ್ಮ ಹೊಣೆ. 2025ರವರೆಗಿನ ಪಾವತಿಗಳಿಗೆ ಮಿತಿ ವರ್ಷಕ್ಕೆ 600 ಡಾಲರ್, 2026ರಿಂದ 2,000. ಜನವರಿಯಲ್ಲಿ ಫಾರ್ಮ್ ಕೇಳಿಕೊಂಡು ಹೋದರೆ ಅವರು ಫೋನ್ ಎತ್ತುವುದಿಲ್ಲ. ಮೊದಲ ಪಾವತಿಗೆ ಮುಂಚೆ ಕೇಳಿದರೆ ಹತ್ತು ನಿಮಿಷದಲ್ಲಿ ಕಳಿಸುತ್ತಾರೆ.

ನಿಮ್ಮ ಪ್ರಶ್ನೆಗಳನ್ನು ಈಗ ಕೇಳಬಹುದು.