ಗೋಧಿಯೊಳಗಿನ ಗೂಟ

ಕಿಕ್ಕೇರಿಯಂಥ ಊರಿನಲ್ಲಿ ಗೋಧಿಯಿಲ್ಲದೆ ಬಾಳುವುದು ಕಷ್ಟವೇನಲ್ಲವೆಂದು ಓದುಗರು ಭಾವಿಸಿಯಾರು. ನಮ್ಮ ಹಿರಿಮಗಳಿಗೆ ಸೀಲಿಯಾಕ್ ರೋಗವಿದೆಯೆಂದು ವೈದ್ಯರು ತಿಳಿಸಿದ ದಿನ ಅಜ್ಜಿಯೂ ಹಾಗೆಯೇ ಅಂದರು: “ಗೋಧಿ ತಿನ್ನದಿದ್ರೆ ಏನ್ ಕಮ್ಮಿಯಾಯ್ತು? ನಮ್ಮಪ್ಪ ಮುದ್ದೆ ಬಿಟ್ಟು ಚಪಾತಿ ಮುಖಾನೇ ನೋಡ್ಲಿಲ್ಲ.”

ಅಡುಗೆಮನೆಯನ್ನು ಶೋಧಿಸತೊಡಗಿದಾಗ ನಮ್ಮ ಧೈರ್ಯ ಕುಗ್ಗಿತು. ಉಪ್ಪಿಟ್ಟಿನ ರವೆ, ಶಾವಿಗೆ, ಬನ್ನು, ಬಿಸ್ಕತ್ತುಗಳಿರಲಿ, ಒಗ್ಗರಣೆಯ ಇಂಗಿನ ಡಬ್ಬಿಯ ಮೇಲೂ ಗೋಧಿಹಿಟ್ಟೆಂದು ಬರೆದಿತ್ತು! ಗೋಧಿ ಬೀಸಿದ ಮಿಲ್ಲಿನಲ್ಲಿಯೇ ರಾಗಿ ಬೀಸಿದರೆ ಆ ರಾಗಿಹಿಟ್ಟೂ ಆಗದು. ಕ್ರಿಸ್ಮಸ್ಸಿನ ಕರ್ಜಿಕಾಯಿಗೆ ವಿದಾಯ ಹೇಳಿದೆವು. ಅಕ್ಕಿಹಿಟ್ಟಿನ ಕಜ್ಜಾಯ ಮಾತ್ರ ಉಳಿಯಿತು.

ಗೋಧಿ, ಬಾರ್ಲಿಗಳಲ್ಲಿರುವ ಗ್ಲೂಟನ್ ಎಂಬ ಅಂಟು ಪ್ರೋಟೀನು ಈ ರೋಗವಿದ್ದವರ ಸಣ್ಣ ಕರುಳಿನ ಒಳಪದರವನ್ನು ಹಾಳುಗೆಡಹುತ್ತದೆ; ಉಂಡದ್ದು ಮೈಗೆ ಹತ್ತುವುದಿಲ್ಲ. ಗೋಧಿಯೇ ಇದಕ್ಕೆ ಕಾರಣವೆಂದು ಡಚ್ ಮಕ್ಕಳ ವೈದ್ಯ ವಿಲ್ಲೆಂ ಡಿಕೆ 1950ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಜೀವನಪರ್ಯಂತದ ಪಥ್ಯವೇ ಔಷಧ. ಇದನ್ನೆಲ್ಲ ನಾವು ವಿವರಿಸುತ್ತಿದ್ದಾಗ ನಾಲ್ಕು ವರ್ಷದ ಕಿರಿಮಗ ತನ್ನದೇ ರೀತಿಯಲ್ಲಿ ಗ್ರಹಿಸಿದ. ಮರುದಿನ ಬೀದಿಯವರಿಗೆಲ್ಲ ಅವನದೇ ಉಪದೇಶ: “ಗೋಧಿಯೊಳಗೆ ಗೂಟ ಐತಂತೆ. ಅಕ್ಕನ ಹೊಟ್ಟೆಗೆ ಚುಚ್ಚುತ್ತೆ!” ವೈದ್ಯರ ವಿವರಣೆಗಿಂತ ಇದೇ ಅಜ್ಜಿಗೆ ಚೆನ್ನಾಗಿ ಅರ್ಥವಾಯಿತು.

ನಗುವನ್ನು ನಿಲ್ಲಿಸಿದ್ದು ಪ್ರಥಮ ಪರಮಪ್ರಸಾದದ ಸಿದ್ಧತೆ. ಬಲಿಪೂಜೆಯ ರೊಟ್ಟಿ ಗೋಧಿಯದೇ ಆಗಿರಬೇಕೆಂಬುದು ಧರ್ಮಸಭೆಯ ಕಾನೂನು. ಧರ್ಮೋಪದೇಶದ ತರಗತಿಯಲ್ಲಿ ಮಗಳು ಎದ್ದು ನಿಂತು, “ಫಾದರ್, ಯೇಸುಸ್ವಾಮಿ ನಮ್ಮೂರಲ್ಲಿ ಹುಟ್ಟಿದ್ರೆ ಮುದ್ದೇನೇ ಕೊಡ್ತಿದ್ರು, ಅಲ್ವಾ?” ಎಂದು ಕೇಳಿಬಿಟ್ಟಳಂತೆ. ಗುರುಗಳು ಮನಸಾರೆ ನಕ್ಕರಂತೆ. ರಾತ್ರಿ ಮಲಗುವಾಗ ಅವಳು ಕೇಳಿದ ಪ್ರಶ್ನೆಗೆ ನಮಗೆ ನಗು ಬರಲಿಲ್ಲ: “ಹಾಗಾದ್ರೆ ಆ ಊಟಕ್ಕೆ ನನ್ನ ಕರೆದಿಲ್ವಾ?”

ಮರುದಿನವೇ ಗುರುಗಳಲ್ಲಿಗೆ ಹೋದೆವು. ಗ್ಲೂಟನ್ ಲವಲೇಶವೂ ಇಲ್ಲದ ರೊಟ್ಟಿ ಸಲ್ಲದು, ಅತ್ಯಲ್ಪ ಪ್ರಮಾಣದಲ್ಲಿರುವುದು ಸಲ್ಲುತ್ತದೆ, ಅದೂ ಆಗದವರು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಸ್ವೀಕರಿಸಬಹುದು ಎಂದು ವ್ಯಾಟಿಕನ್ 2003ರ ಜುಲೈ 24ರ ಪತ್ರದಲ್ಲಿಯೇ ತಿಳಿಸಿದೆ. 2017ರಲ್ಲಿ ಅದನ್ನೇ ಮತ್ತೆ ನೆನಪಿಸಿದೆ. ಎರಡರಲ್ಲಿ ಯಾವುದೊಂದರಲ್ಲಿಯೂ ಕ್ರಿಸ್ತರು ಪರಿಪೂರ್ಣವಾಗಿ ಇದ್ದಾರೆಂದು ಗುರುಗಳು ಅವಳಿಗೆ ನಿಧಾನವಾಗಿ ತಿಳಿಹೇಳಿದರು. ದೊಡ್ಡ ಪಾನಪಾತ್ರೆಗೆ ರೊಟ್ಟಿಯ ಚೂರೊಂದನ್ನು ಹಾಕುವುದುಂಟಷ್ಟೆ. ಆದ್ದರಿಂದ ಅವಳಿಗಾಗಿ ಬೇರೊಂದು ಸಣ್ಣ ಪಾತ್ರೆಯನ್ನೇ ಇರಿಸಿದರು. ಇಷ್ಟು ಸೂಕ್ಷ್ಮವನ್ನು ತಾವಾಗಿಯೇ ಗಮನಿಸಿದ ಆ ಗುರುಗಳಿಗೆ ನಾವು ಎಷ್ಟು ಋಣಿಗಳೋ!

ಆ ಭಾನುವಾರ ಬಿಳಿಯ ಉಡುಪಿನ ಸಾಲಿನಲ್ಲಿ ನಮ್ಮ ಮಗಳೂ ನಿಂತಳು. ಗುಟುಕು ಸ್ವೀಕರಿಸಿ, ಕೈಮುಗಿದು, ಮುಖವನ್ನು ಕೊಂಚ ಹುಳ್ಳಗೆ ಮಾಡಿಕೊಂಡು ಬಂದು ಕುಳಿತಳು. ಇಡೀ ಗುಡಿ ಮೌನವಾಗಿದ್ದಾಗ ತಮ್ಮ ಕೇಳಿಯೇಬಿಟ್ಟ: “ಅಕ್ಕಂಗೆ ಮಾತ್ರ ಯಾಕೆ ಜ್ಯೂಸು?”

ಮನೆಗೆ ಬಂದವನು ಬಿಸ್ಕತ್ತನ್ನು ಡಬ್ಬಿಗೆ ಮರಳಿಸಿ, ಹೊಟ್ಟೆ ಹಿಡಿದುಕೊಂಡು, “ನಂಗೂ ಗೂಟ ಐತೆ” ಎಂದು ಘೋಷಿಸಿದ. ನಾವು ನಕ್ಕೆವಾದರೂ ಒಳಗೊಳಗೇ ಅಳುಕಿದೆವು. ಈ ರೋಗ ಒಡಹುಟ್ಟಿದವರಲ್ಲಿಯೂ ಕಾಣಿಸಿಕೊಳ್ಳಬಹುದು, ಆದ್ದರಿಂದ ಅವನ ರಕ್ತವನ್ನೂ ಪರೀಕ್ಷಿಸಿರೆಂದು ವೈದ್ಯರು ಮೊದಲೇ ಹೇಳಿದ್ದರು. “ಹಾಗಾದರೆ ನಾಳೆಯೇ ಹೋಗೋಣ, ಸೂಜಿ ಚುಚ್ಚಿ ನೋಡುತ್ತಾರೆ” ಎಂದೆವು.

ಅವನು ಡಬ್ಬಿ ತೆರೆದು ಎರಡು ಬಿಸ್ಕತ್ತು ತೆಗೆದುಕೊಂಡ. “ಗೂಟ ಹೊಂಟೋಯ್ತು,” ಎಂದ.